ಕೋರ್ಸಿಗಿಂತ ಮೊದಲು ಒಂದು ಫೋನ್

ತಂಗಿ, ನಿಮ್ಮ ಪತ್ರ ನಿನ್ನೆ ರಾತ್ರಿ ಓದಿದೆ. ಟೊರೊಂಟೊಗೆ ಬಂದು ಮೂರು ತಿಂಗಳಾಯಿತು, ಸಿವಿಲ್ ಬಿ.ಇ. ಆಗಿದೆ, ಊರಲ್ಲಿ ಆರು ವರ್ಷ ಡಿಸೈನ್ ಕೆಲಸ ಮಾಡಿದ್ದೀರಿ. ಈಗ ಮಾಸ್ಟರ್ಸ್‌ಗೆ ಸೇರಲಾ, ಐಟಿಗೆ ಹೋಗಲಾ, ಸಿಕ್ಕ ಕೆಲಸ ಹಿಡಿಯಲಾ ಅಂತ ಕೇಳಿದ್ದೀರಿ. 2009ರ ಜನವರಿಯಲ್ಲಿ ಎರಡು ಸೂಟ್‌ಕೇಸ್ ಹಿಡಿದು ಇಳಿದಾಗ ನನ್ನ ತಲೆಯಲ್ಲೂ ಇವೇ ಮೂರು ಪ್ರಶ್ನೆ ಇದ್ದವು.

ಐಟಿ ಬಗ್ಗೆ ಹೆಚ್ಚು ಹೇಳಲಾರೆ. ಅದರಲ್ಲಿ ಮನಸ್ಸಿದ್ದರೆ ಹೋಗಿ. ಹೆದರಿ ಹೋಗಬೇಡಿ.

ಮಾಸ್ಟರ್ಸ್ ಅವಸರ ಬೇಡ. ಕೂಡಿಟ್ಟ ಹಣವನ್ನೆಲ್ಲ ಮೊದಲ ವರ್ಷವೇ ಫೀಸಿಗೆ ಸುರಿದವರನ್ನು ನೋಡಿದ್ದೇನೆ. ಮೊದಲು ಲೈಸೆನ್ಸಿನ ದಾರಿ ತಿಳಿದುಕೊಳ್ಳಿ. ಇಮಿಗ್ರೇಷನ್‌ಗೆ ಮಾಡಿಸಿದ ಪದವಿ ಮೌಲ್ಯಮಾಪನ ಆ ಕೆಲಸಕ್ಕಷ್ಟೇ. ‘ನಿಮ್ಮದು ಇಲ್ಲಿನ ಡಿಗ್ರಿಗೆ ಸಮ’ ಎಂದು ಬರೆದ ಆ ಕಾಗದ ನೋಡಿ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ. ಇಂಜಿನಿಯರ್ ಲೈಸೆನ್ಸ್ ಕೊಡುವುದು ಆಯಾ ಪ್ರಾಂತ್ಯದ ಸಂಸ್ಥೆ. ಟೊರೊಂಟೊ ಇರುವ ಒಂಟಾರಿಯೋದಲ್ಲಿ ಅದು ‘ಪ್ರೊಫೆಷನಲ್ ಇಂಜಿನಿಯರ್ಸ್ ಒಂಟಾರಿಯೋ’. ಅವರು ನಿಮ್ಮ ಓದನ್ನು ಬೇರೆಯಾಗಿಯೇ ನೋಡುತ್ತಾರೆ, ತಾಂತ್ರಿಕ ಪರೀಕ್ಷೆ ಬರೆಯಿರಿ ಅನ್ನಬಹುದು. ಕಾನೂನು ಮತ್ತು ನೀತಿಯ ಪರೀಕ್ಷೆ ಎಲ್ಲರಿಗೂ ಇದೆ. ಜೊತೆಗೆ 48 ತಿಂಗಳ ಅನುಭವ ತೋರಿಸಬೇಕು. ಲೈಸೆನ್ಸ್ ಇಲ್ಲವೆಂದು ಕೆಲಸಕ್ಕೆ ಅರ್ಜಿ ಹಾಕದೆ ಕೂರಬೇಡಿ. ಲೈಸೆನ್ಸ್ ಇರುವವರ ಹೊಣೆಯಲ್ಲಿ ಡಿಸೈನ್ ಮಾಡಲು ಅಡ್ಡಿಯಿಲ್ಲ, ಹೆಸರಿನ ಜೊತೆ ‘ಪಿ.ಇಂಜಿ.’, ಅಂದರೆ ಲೈಸೆನ್ಸ್ ಇರುವ ಇಂಜಿನಿಯರ್, ಅಂತ ಹಾಕಿಕೊಳ್ಳುವಂತಿಲ್ಲ.

ನಮ್ಮ ಕಾಲದಲ್ಲಿ ಆ ಅನುಭವದಲ್ಲಿ 12 ತಿಂಗಳು ಕೆನಡಾದ್ದೇ ಆಗಿರಬೇಕಿತ್ತು. 2023ರಲ್ಲಿ ಒಂಟಾರಿಯೋ ಅದನ್ನು ತೆಗೆದುಹಾಕಿತು. ಆ ಸುದ್ದಿ ಓದಿದ ದಿನ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಊರಿನ ನಿಮ್ಮ ಆರು ವರ್ಷಕ್ಕೆ ಇವತ್ತು ಬೆಲೆ ಇದೆ ತಂಗಿ. ಆದರೆ ಆ ಕೆಲಸ ನೀವೇ ಮಾಡಿದಿರಿ ಎಂದು ನೋಡಿ ಬಲ್ಲವರು ಯಾರಾದರೂ ಹೇಳಬೇಕು. ನಾನು ಸೋತದ್ದು ಅಲ್ಲಿ.

ಊರಲ್ಲಿ ಏಳು ವರ್ಷ ಒಬ್ಬರೇ ಸಾಹೇಬರ ಕೈಕೆಳಗೆ ಸೇತುವೆ ಕೆಲಸ ಮಾಡಿದ್ದೆ. ಡ್ರಾಯಿಂಗ್ ಓದುವುದರಿಂದ ಹಿಡಿದು ಕಂಬಿ ಎಣಿಸುವವರೆಗೆ ಅವರೇ ಕಲಿಸಿದ್ದು. ಹೊರಡುವ ಹಿಂದಿನ ದಿನ ಮನೆಗೆ ಕರೆದು ಊಟ ಹಾಕಿ, ‘ಮುಟ್ಟಿದ ಕೂಡಲೇ ಫೋನ್ ಮಾಡು, ಏನು ಕಾಗದ ಬೇಕಾದರೂ ಕೇಳು’ ಅಂದಿದ್ದರು. ಇಲ್ಲಿ ನನಗೆ ಸಿಕ್ಕಿದ್ದು ಟೊರೊಂಟೊ ಪಕ್ಕದ ಬ್ರಾಂಪ್ಟನ್‌ನ ಒಂದು ಗೋದಾಮಿನಲ್ಲಿ ರಾತ್ರಿ ಪಾಳಿ, ಪೆಟ್ಟಿಗೆ ಎತ್ತುವ ಕೆಲಸ. ಅದನ್ನು ಅವರಿಗೆ ಹೇಗೆ ಹೇಳಲಿ? ಒಳ್ಳೆ ಕೆಲಸ ಸಿಕ್ಕಲಿ, ಆಮೇಲೆ ಮಾಡೋಣ ಅಂತ ಮುಂದೆ ಹಾಕಿದೆ. ಯುಗಾದಿಗೆ ಮಾಡಲಿಲ್ಲ, ದೀಪಾವಳಿಗೂ ಮಾಡಲಿಲ್ಲ. ಹಾಗೇ ಎರಡೂವರೆ ವರ್ಷ ಹೋಯಿತು. ಕೊನೆಗೆ ಲೈಸೆನ್ಸ್ ಅರ್ಜಿ ಮುಂದಿಟ್ಟುಕೊಂಡು ಫೋನ್ ಮಾಡಿದರೆ ಅವರ ಮಗ ಎತ್ತಿದ. ಸಾಹೇಬರು ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ‘ನಿಮ್ಮ ಫೋನ್ ಬಂತಾ ಅಂತ ಆಗಾಗ ಕೇಳ್ತಿದ್ದರು’ ಅಂದ. ಆಫೀಸೂ ಮುಚ್ಚಿತ್ತು. ನನ್ನ ಏಳು ವರ್ಷದ ಕೆಲಸ ಕಂಡವರು ಇನ್ನು ಯಾರೂ ಇರಲಿಲ್ಲ.

ಆಮೇಲೆ ಮೊದಲಿನಿಂದ ಶುರುಮಾಡಿದೆ. ಕಾಂಕ್ರೀಟ್ ಪರೀಕ್ಷೆ ಮಾಡುವ ಲ್ಯಾಬಿಗೆ ಟೆಕ್ನಿಷಿಯನ್ ಆಗಿ ಸೇರಿ ಹಸಿ ಕಾಂಕ್ರೀಟಿನ ಹದ ನೋಡುವ ಸ್ಲಂಪ್ ಕೋನ್ ಸೈಟಿನಿಂದ ಸೈಟಿಗೆ ಹೊತ್ತೆ. ಕಾಂಕ್ರೀಟಿನ ಗಟ್ಟಿತನ ನೋಡಲು ನಾವು ಕ್ಯೂಬ್ ಒಡೆದು ಕಲಿತವರು, ಇಲ್ಲಿ ಸಿಲಿಂಡರ್. ಅದು ಒಂದು ದಿನದಲ್ಲಿ ಕೈಗೆ ಬರುತ್ತದೆ. ಹಿಮ ಹಾಗಲ್ಲ. ಚಳಿಗೆ ಮಣ್ಣೊಳಗಿನ ನೀರು ಗಟ್ಟಿಯಾಗಿ ಪಾಯದ ಫುಟಿಂಗನ್ನೇ ಮೇಲೆತ್ತುತ್ತದೆ ಎಂದು ನಮ್ಮ ಊರಿನ ಮಣ್ಣಿನಲ್ಲಿ ಯಾವತ್ತಾದರೂ ಯೋಚಿಸಿದ್ದೆವೇ? ಟೊರೊಂಟೊ ಸುತ್ತ ಪಾಯ ಸಾಮಾನ್ಯವಾಗಿ 1.2 ಮೀಟರ್ ಕೆಳಗೆ ಇಳಿಯಬೇಕು. ಹೊರಗಿನ ಕಾಂಕ್ರೀಟಿಗೆ ಬೇಕೆಂದೇ ಸಣ್ಣ ಗಾಳಿಗುಳ್ಳೆ ಸೇರಿಸುತ್ತಾರೆ, ಒಳಗಿನ ನೀರು ಹೆಪ್ಪುಗಟ್ಟಿದಾಗ ಹಿಗ್ಗಲು ಜಾಗವಿರಲಿ ಅಂತ. ನಮ್ಮ ಕಾಂಕ್ರೀಟ್ ಕೋಡ್ ಐ.ಎಸ್. 456 ಬಾಯಿಪಾಠ ಇದ್ದರೂ ಇಲ್ಲಿ ಕೆನಡಾದ ಕೋಡ್ ಸಿ.ಎಸ್.ಎ. ಎ23.3 ಬಿಡಿಸಿ ಕೂರಬೇಕು. ಆ ಲ್ಯಾಬಿನ ಎರಡು ಚಳಿಗಾಲ ಕಲಿಸಿದ್ದನ್ನು ಯಾವ ಮಾಸ್ಟರ್ಸೂ ನನಗೆ ಕಲಿಸುತ್ತಿರಲಿಲ್ಲ. ಹಾಗಾಗಿ ಸಿಕ್ಕ ಕೆಲಸ ಹಿಡಿಯಲಾ ಅಂತ ಕೇಳಿದರೆ, ಸೈಟಿನ ವಾಸನೆ ಇರುವಂಥದ್ದಾದರೆ ಸಂಬಳ ಕಮ್ಮಿಯಾದರೂ ಹಿಡಿಯಿರಿ. ಬಾಡಿಗೆಗೋಸ್ಕರ ಬೇರೆ ಏನನ್ನಾದರೂ ಹಿಡಿಯಬೇಕಾದರೆ ಅದಕ್ಕೊಂದು ಕೊನೆಯ ದಿನ ಇವತ್ತೇ ಬರೆದಿಡಿ.

2017ರಲ್ಲಿ ಲೈಸೆನ್ಸ್ ಬಂತು. ಇಂಜಿನಿಯರ್ ಸೀಲ್ ಕೈಗೆ ಬಂದ ದಿನ ಹೆಂಡತಿ ಪಾಯಸ ಮಾಡಿದ್ದಳು. ಆ ಸೀಲನ್ನು ಮೊದಲು ತೋರಿಸಬೇಕೆನಿಸಿದ್ದು ನಮ್ಮ ಸಾಹೇಬರಿಗೆ.

ನಿಮ್ಮ ಸಾಹೇಬರು ಈಗ ರಿಟೈರ್ ಆಗಿ ಊರಲ್ಲಿದ್ದಾರೆ, ಇನ್ನೂ ಮಾತಾಡಿಲ್ಲ ಅಂತ ಪತ್ರದ ಕೊನೆಗೆ ಒಂದು ಸಾಲು ಬರೆದಿದ್ದೀರಿ. ನೀವು ಮಾಡಿದ ಡಿಸೈನ್‌ಗಳ ಪಟ್ಟಿ, ತಾರೀಖು, ನಿಮ್ಮ ಪಾಲಿನ ಕೆಲಸ ಎಲ್ಲ ಬರೆದಿಟ್ಟುಕೊಳ್ಳಿ, ಅವರಿಗೆ ಕಳಿಸಿ. ಕೆಲಸ ಸಿಕ್ಕಿಲ್ಲವೆಂದು ಸಂಕೋಚ ಬೇಡ, ಅವರೇನೂ ಅಂದುಕೊಳ್ಳುವುದಿಲ್ಲ. ಈಗ ಚಳಿಗಾಲ, ಇಲ್ಲಿ ರಾತ್ರಿ ಒಂಬತ್ತಾದರೆ ಅಲ್ಲಿ ಬೆಳಿಗ್ಗೆ ಏಳೂವರೆ. ಕಾಫಿ ಮುಗಿಸಿ ಪೇಪರ್ ಹಿಡಿದು ಕೂತಿರುವ ಹೊತ್ತು, ಎತ್ತುತ್ತಾರೆ.