ಈ ಡಿಸೆಂಬರ್‌ನಲ್ಲಿ (2025) ಬರುವ ಕನ್ನಡ ಸಿನಿಮಾಗಳಲ್ಲಿ ನೀವು ಯಾವುದಕ್ಕೆ ಕಾಯುತ್ತಿದ್ದೀರಿ? ಯಾಕೆ?

'45'ಗೆ. ಇಷ್ಟೇ ಹೇಳಿ ಮುಗಿಸಬಹುದಿತ್ತು. ಆದರೆ ಯಾಕೆ ಅಂತಲೂ ಕೇಳಿದ್ದೀರಲ್ಲ, ಅದಕ್ಕೆ ಸ್ವಲ್ಪ ಉದ್ದ ಆಗುತ್ತೆ.

ನಾನು ಮದುವೆ ಫೋಟೋಗ್ರಾಫರ್. ತುಮಕೂರು ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ಸಣ್ಣ ಸ್ಟುಡಿಯೋ ಇಟ್ಟುಕೊಂಡಿದ್ದೇನೆ. ನಮ್ಮ ಕಸುಬಿನವರಿಗೆ ನಿಶ್ಚಿಂತೆಯಿಂದ ಸಿನಿಮಾ ನೋಡೋಕೆ ಆಗೋದು ವರ್ಷಕ್ಕೆ ಎರಡೇ ಸಲ. ಆಷಾಢದಲ್ಲಿ ಒಂದು, ಧನುರ್ಮಾಸದಲ್ಲಿ ಒಂದು. ಉಳಿದ ದಿನಗಳಲ್ಲಿ ಶನಿವಾರ ಸಂಜೆ ಆರತಕ್ಷತೆ, ಭಾನುವಾರ ಬೆಳಗ್ಗೆ ಮುಹೂರ್ತ, ಸೋಮವಾರ ಮೈಕೈ ನೋವು. ಮಂಗಳವಾರ ಕಣ್ಣು ಬಿಡುವಷ್ಟರಲ್ಲಿ ಆ ವಾರದ ಸಿನಿಮಾ ಊರು ಬಿಟ್ಟಿರುತ್ತದೆ. ಹಾಗಾಗಿ ನನ್ನ ಸಿನಿಮಾ ಕ್ಯಾಲೆಂಡರ್ ಗಾಂಧಿನಗರದಲ್ಲಿ ತಯಾರಾಗುವುದಿಲ್ಲ, ಪಂಚಾಂಗದಲ್ಲಿ ತಯಾರಾಗುತ್ತದೆ. ಡಿಸೆಂಬರ್ 16ರ ಆಸುಪಾಸಿನಲ್ಲಿ ಧನುರ್ಮಾಸ ಶುರುವಾದರೆ ಸಂಕ್ರಾಂತಿವರೆಗೆ ನನ್ನ ಕ್ಯಾಮೆರಾಗೆ ರಜೆ, ನನಗೆ ಟಾಕೀಸು.

ಅದೃಷ್ಟಕ್ಕೆ ನಮ್ಮ ದೊಡ್ಡ ಸಿನಿಮಾಗಳೂ ಇದೇ ಹೊತ್ತಿಗೆ ಬರುವುದನ್ನು ರೂಢಿ ಮಾಡಿಕೊಂಡಿವೆ. 2018ರಲ್ಲಿ ಕೆಜಿಎಫ್ ಬಂದದ್ದು ಡಿಸೆಂಬರ್ 21ಕ್ಕೆ. 2023ರಲ್ಲಿ ಕಾಟೇರ ಬಂದದ್ದು 29ಕ್ಕೆ. ಕಳೆದ ವರ್ಷ 20ಕ್ಕೆ ಯುಐ, 25ಕ್ಕೆ ಮ್ಯಾಕ್ಸ್. ಸಂಕ್ರಾಂತಿ ಬಂತೆಂದರೆ ತೆಲುಗು, ತಮಿಳಿನವರು ಬುಲ್ಡೋಜರ್ ತರಹ ಬರುತ್ತಾರೆ, ಥಿಯೇಟರ್ ಸಿಗುವುದಿಲ್ಲ. ಮಾರ್ಚ್ ಬಂದರೆ ಮಕ್ಕಳ ಪರೀಕ್ಷೆ, ಅದರ ಹಿಂದೆಯೇ ಐಪಿಎಲ್. ಅದಕ್ಕೇ ಡಿಸೆಂಬರ್ ಅಂತ ತಿಳಿದವರು ಹೇಳುತ್ತಾರೆ. ಇರಬಹುದು. ನನ್ನದು ಇನ್ನೊಂದು ಲೆಕ್ಕ ಇದೆ. ಧನುರ್ಮಾಸದಲ್ಲಿ ಮದುವೆ ಇಲ್ಲ ಅಂದರೆ ಮುಯ್ಯಿ ಇಲ್ಲ. ನವೆಂಬರ್‌ನಲ್ಲಿ ವಾರಕ್ಕೆ ಎರಡು ಮದುವೆ ಓಡಾಡಿ, ಒಂದೊಂದಕ್ಕೆ ಐನೂರು ಮುಯ್ಯಿ ಹಾಕುವ ಮನೆಯಲ್ಲಿ ಈ ಒಂದು ತಿಂಗಳು ಕೈಯಲ್ಲಿ ಸ್ವಲ್ಪ ಕಾಸು ಆಡುತ್ತದೆ. ಭಾನುವಾರವೂ ಖಾಲಿ. ಆ ಕಾಸು ಎಲ್ಲಿಗೆ ಹೋಗಬೇಕು ಹೇಳಿ?

ಈ ವರ್ಷ ಸಾಲಾಗಿ ಮೂರು ಇವೆ. 11ನೇ ತಾರೀಕು ಗುರುವಾರ ಡೆವಿಲ್. ಆಮೇಲೆ 25ಕ್ಕೆ, ಅದೂ ಗುರುವಾರವೇ, ಒಂದೇ ದಿನ '45' ಮತ್ತು ಮಾರ್ಕ್. ಮಧ್ಯದಲ್ಲಿ 19ಕ್ಕೆ ಅವತಾರ್‌ನ ಮೂರನೇ ಭಾಗ ಬಂದು ಮಾಲ್‌ಗಳ ದೊಡ್ಡ ಪರದೆಗಳನ್ನೆಲ್ಲ ಹಿಡಿದುಕೊಂಡು ಕೂರುತ್ತದೆ. ಅದು ಬೆಂಗಳೂರಿನವರ ತಲೆನೋವು, ನಮ್ಮೂರಿನಲ್ಲಿ ಮಾಲೇ ಇಲ್ಲ.

ಡೆವಿಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ದರ್ಶನ್ ನಾಯಕ, ಪ್ರಕಾಶ್ ಅವರ ನಿರ್ದೇಶನ. ಸಿನಿಮಾದ ಆಚೆಗಿನ ವಿಷಯಗಳು ಕೋರ್ಟಿನಲ್ಲಿವೆ, ಅಲ್ಲೇ ಇರಲಿ. ಸ್ಟುಡಿಯೋದಲ್ಲಿ ನನ್ನ ಜೊತೆ ಕೆಲಸ ಮಾಡುವ ಹುಡುಗ ಈಗಾಗಲೇ ಗುರುವಾರ ರಜೆ ಕೇಳಿದ್ದಾನೆ. ಅವತ್ತು ಒಂದು ಗೃಹಪ್ರವೇಶ ಒಪ್ಪಿಕೊಂಡಿದ್ದೇನೆ ಅಂತ ಹೇಳಿದ್ದಕ್ಕೆ "ಅಣ್ಣ, ಗೃಹಪ್ರವೇಶ ಬೆಳಗಿನ ಜಾವ ಮುಗಿಯುತ್ತಲ್ಲ, ಹಾಲು ಉಕ್ಕಿದ ತಕ್ಷಣ ಹೊರಟೆ" ಅಂದ. ಅಲ್ಲಿ ಹಾಲು ಉಕ್ಕಿಸಿ ಇಲ್ಲಿ ಕಟೌಟ್‌ಗೆ ಹಾಲು ಸುರಿಯಲು ಬರುತ್ತಾನೆ ಅಂತಾಯ್ತು.

ಮಾರ್ಕ್ ಬಗ್ಗೆ ನನಗೆ ಇರುವುದು ಆಸೆಗಿಂತ ಹೊಟ್ಟೆಕಿಚ್ಚು. ಮ್ಯಾಕ್ಸ್ ಮಾಡಿದ ವಿಜಯ್ ಕಾರ್ತಿಕೇಯ ಅವರೇ ನಿರ್ದೇಶಕರು, ಸುದೀಪ್ ನಾಯಕ. ಜುಲೈನಲ್ಲಿ ಸಿನಿಮಾ ಘೋಷಣೆ ಮಾಡಿದಾಗಲೇ ಡಿಸೆಂಬರ್ 25 ಅಂತ ದಿನ ಹೇಳಿಬಿಟ್ಟಿದ್ದರು. ಆರು ತಿಂಗಳೊಳಗೆ ಒಂದು ಇಡೀ ಸಿನಿಮಾ. ನಾನು ಜೂನ್‌ನಲ್ಲಿ ಮಾಡಿದ ಒಂದು ಮದುವೆಯ ಆಲ್ಬಮ್ ಇನ್ನೂ ಕೊಟ್ಟಿಲ್ಲ. ಮದುಮಗಳು ಈಗ ಐದು ತಿಂಗಳ ಗರ್ಭಿಣಿ, ಸೀಮಂತದ ಫೋಟೋ ಜೊತೆಗೇ ಕೊಡಿ ಬಿಡಿ ಅಂತ ಅವರ ಮಾವ ಅಂಗಡಿಗೆ ಬಂದು ಹೇಳಿ ಹೋದರು. ಮಾರ್ಕ್ ಖಂಡಿತ ನೋಡುತ್ತೇನೆ, ಎರಡನೇ ದಿನ.

ಇನ್ನು '45'. ಇದು ಮೊದಲು ಆಗಸ್ಟ್ 15ಕ್ಕೆ ಬರಬೇಕಿತ್ತು. ಗ್ರಾಫಿಕ್ಸ್ ಕೆಲಸ ಮುಗಿಯದೆ ಡಿಸೆಂಬರ್‌ಗೆ ಬಂತು. ಶಿವಣ್ಣ, ಉಪೇಂದ್ರ, ರಾಜ್ ಬಿ. ಶೆಟ್ಟಿ ಮೂವರೂ ಇದ್ದಾರೆ. ನಿರ್ದೇಶನ ಅರ್ಜುನ್ ಜನ್ಯ, ಅವರ ಮೊದಲ ಸಿನಿಮಾ. ನನಗೆ ಈ ಅರ್ಜುನ್ ಜನ್ಯ ಅವರ ಪರಿಚಯ ಒಂದು ವಿಚಿತ್ರ ರೀತಿಯಲ್ಲಿ ಇದೆ. ಹತ್ತು ವರ್ಷದಿಂದ ಮದುವೆ ವಿಡಿಯೋ ಎಡಿಟ್ ಮಾಡುತ್ತಿದ್ದೇನೆ. ಹುಡುಗ ಹುಡುಗಿ ಕೇಳುವ ಹತ್ತು ಹಾಡಿನಲ್ಲಿ ಮೂರು ನಾಲ್ಕು ಅವರದೇ ಇರುತ್ತವೆ. ತಾಳಿಯ ಮೂರನೇ ಗಂಟು ಬೀಳುವುದೂ ಹಾಡಿನ ಏಟು ಬೀಳುವುದೂ ಒಂದೇ ಕಡೆ ಬರಬೇಕು, ಅಕ್ಷತೆ ಮೇಲೆ ಹಾರಿದಾಗ ಕೋರಸ್ ಏಳಬೇಕು. ಇದನ್ನು ಕೂರಿಸುತ್ತಾ ಕೂರಿಸುತ್ತಾ ಅವರ ಹಾಡು ಎಲ್ಲಿ ಉಸಿರು ತೆಗೆದುಕೊಳ್ಳುತ್ತದೆ ಅಂತ ನನ್ನ ಬೆರಳಿಗೆ ಗೊತ್ತಾಗಿಬಿಟ್ಟಿದೆ. ಇನ್ನೊಬ್ಬರು ತೆಗೆದ ಚಿತ್ರಕ್ಕೆ ಇಷ್ಟು ವರ್ಷ ತಾಳ ಹಾಕಿದವರು, ಈಗ ಚಿತ್ರವನ್ನೇ ತಾವು ತೆಗೆದರೆ ಹೇಗಿರುತ್ತದೆ? ನನ್ನ ಕುತೂಹಲದ ಅರ್ಧ ಭಾಗ ಇದು. ಉಗಾಂಡಾದ ಘೆಟ್ಟೋ ಕಿಡ್ಸ್ ಮಕ್ಕಳು ಕುಣಿದಿರುವ ಅದರ ಪ್ರಮೋಷನ್ ಹಾಡಂತೂ ಈಗಲೇ ಮೆಹೆಂದಿ ಕಾರ್ಯಕ್ರಮಗಳಿಗೆ ಬಂದುಬಿಟ್ಟಿದೆ. ಮೊನ್ನೆ ಒಂದು ಕಡೆ ಮದುಮಗನ ಸೋದರಮಾವ, ಅರವತ್ತರ ಮೇಲಿನವರು, ಪಂಚೆ ಎತ್ತಿ ಕಟ್ಟಿ ಅದಕ್ಕೆ ಹೆಜ್ಜೆ ಹಾಕಿದರು. ಆ ಕ್ಲಿಪ್ ಮಾತ್ರ ಅವತ್ತು ರಾತ್ರಿಯೇ ಎಡಿಟ್ ಮಾಡಿ ಕೊಟ್ಟೆ.

ಉಳಿದ ಅರ್ಧ ಅಮ್ಮನದು.

ನಮ್ಮೂರಿನಲ್ಲಿ ಮೊದಲು ಮೂರು ಟಾಕೀಸ್ ಇದ್ದವು. ಒಂದು ಬಿದ್ದುಹೋಯಿತು. ಒಂದು ಈಗ ಕಲ್ಯಾಣ ಮಂಟಪ. ನಾನು ವರ್ಷಕ್ಕೆ ಹದಿನೈದು ಇಪ್ಪತ್ತು ಮದುವೆ ಅಲ್ಲೇ ಮಾಡುತ್ತೇನೆ. ಪರದೆ ಇದ್ದ ಕಡೆ ಧಾರೆ ಮಂಟಪ ಹಾಕುತ್ತಾರೆ. ಇಳಿಜಾರು ನೆಲವನ್ನು ಮಣ್ಣು ತುಂಬಿ ಸಮ ಮಾಡಿದ್ದಾರೆ, ಆದರೂ ಊಟದ ಹಾಲ್ ಕಡೆಗೆ ಒಂದು ಸಣ್ಣ ಇಳುಕಲು ಉಳಿದಿದೆ. ಬಡಿಸುವ ಹುಡುಗರು ಸಾಂಬಾರ್ ಬಕೆಟ್ ಹಿಡಿದು ಅಲ್ಲಿ ಒಂದು ಹೆಜ್ಜೆ ನಿಧಾನ ಮಾಡುತ್ತಾರೆ. ಮೇಲೆ ಪ್ರೊಜೆಕ್ಟರ್ ರೂಮು ಹಾಗೇ ಇದೆ, ಶಾಮಿಯಾನ ಸಾಮಾನು ತುಂಬಿದ್ದಾರೆ. ಗೋಡೆಯಲ್ಲಿ ಎರಡು ಚೌಕದ ಕಿಂಡಿ. ಒಂದರಿಂದ ಬೆಳಕು ಹೋಗುತ್ತಿತ್ತು, ಇನ್ನೊಂದರಿಂದ ಆಪರೇಟರ್ ಪರದೆ ನೋಡುತ್ತಿದ್ದ. ಆ ಬೆಳಕಿನ ಕಿಂಡಿಯಲ್ಲಿ ನನ್ನ ಎರಡನೇ ಕ್ಯಾಮೆರಾ ಇಡುತ್ತೇನೆ. ಇಡೀ ಛತ್ರ ಒಂದೇ ಫ್ರೇಮಿಗೆ ಸಿಗುತ್ತದೆ. ಬೇರೆ ಯಾವ ಛತ್ರದಲ್ಲೂ ಅಂಥ ಜಾಗ ಇಲ್ಲ. ಪ್ರತಿ ಸಲ ಟ್ರೈಪಾಡ್ ನಿಲ್ಲಿಸುವಾಗ ಸುಮ್ನೆ ಒಂದು ಸಲ ಆ ಕಿಂಡಿ ಮುಟ್ಟುತ್ತೇನೆ. ಅಂಚಿನಲ್ಲಿ ಮಸಿ ಇನ್ನೂ ಇದೆ.

ಅದೇ ಟಾಕೀಸಿನಲ್ಲಿ ಅಮ್ಮ 'ಓಂ' ನೋಡಿದ್ದಳು. 1995. ನನಗೆ ಮೂರು ವರ್ಷ. ನಾನು ಅತ್ತೂ ಅತ್ತೂ ರಂಪ ಮಾಡಿದ್ದಕ್ಕೆ ಸುತ್ತಲಿನವರು ಬೈದರಂತೆ. ಅಮ್ಮ ನನ್ನನ್ನು ಸೊಂಟದಲ್ಲಿ ಇಟ್ಟುಕೊಂಡು, ಬಾಗಿಲ ಪರದೆಯನ್ನು ಒಂದು ಕೈಯಲ್ಲಿ ಸರಿಸಿಕೊಂಡು, ಇಂಟರ್ವಲ್ ಆದಮೇಲಿನ ಸಿನಿಮಾ ಪೂರ್ತಿ ನಿಂತೇ ನೋಡಿದ್ದಾಳೆ. ಆ ಸಿನಿಮಾದಲ್ಲಿ ಶಿವಣ್ಣ ನಾಯಕ, ಉಪೇಂದ್ರ ನಿರ್ದೇಶಕರು. ಶಿವಣ್ಣ ಅಂದರೆ ಅವತ್ತಿನಿಂದ ಅಮ್ಮನಿಗೆ ತಮ್ಮನ ಹಾಗೆ. ಉಪೇಂದ್ರ ಮಾತ್ರ ಅಷ್ಟಕ್ಕಷ್ಟೇ. "ತಲೆಗೆ ಹುಳ ಬಿಟ್ಟು ಕಳಿಸ್ತಾನೆ, ಮನೆಗೆ ಬಂದು ಅಡುಗೆ ಮಾಡೋಕೆ ಆಗಲ್ಲ" ಅನ್ನುತ್ತಾಳೆ.

ಕಳೆದ ವರ್ಷ ನವೆಂಬರ್‌ನಲ್ಲಿ ಅಮ್ಮನಿಗೆ ಕ್ಯಾನ್ಸರ್ ಅಂತ ಗೊತ್ತಾಯಿತು. ಇಪ್ಪತ್ತೊಂದು ದಿನಕ್ಕೊಂದು ಕೀಮೋ, ಒಟ್ಟು ಆರು. ಅದೇ ಸಮಯದಲ್ಲಿ ಶಿವಣ್ಣನಿಗೂ ಮೂತ್ರಕೋಶದ ಕ್ಯಾನ್ಸರ್ ಅಂತ ಸುದ್ದಿ. ಡಿಸೆಂಬರ್ 24ಕ್ಕೆ ಅಮೆರಿಕದ ಮಯಾಮಿಯಲ್ಲಿ ಆಪರೇಷನ್ ಆಯಿತು. ಅವತ್ತು ಅಮ್ಮನಿಗೆ ಎರಡನೇ ಕೀಮೋ ಆಗಿ ನಾಲ್ಕನೇ ದಿನ, ನೀರು ಕುಡಿದರೂ ವಾಂತಿ. ಅಂಥದರಲ್ಲೂ ಎದ್ದು ದೇವರ ಮನೆಯಲ್ಲಿ ಎರಡು ದೀಪ ಹಚ್ಚಿದಳು. ಒಂದು ಯಾಕೆ ಅಂತ ಗೊತ್ತು, ಇನ್ನೊಂದು ಯಾಕಮ್ಮ ಅಂತ ಕೇಳಿದರೆ ನನ್ನನ್ನೇ ದಡ್ಡನ ಹಾಗೆ ನೋಡಿದಳು.

ಜನವರಿ 1ಕ್ಕೆ ಶಿವಣ್ಣ ಹೆಂಡತಿ ಗೀತಾ ಅವರ ಜೊತೆ ಕೂತು, ಹುಷಾರಾದೆ ಅಂತ ವಿಡಿಯೋ ಹಾಕಿದರಲ್ಲ, ಅದನ್ನು ಅಮ್ಮ ನನ್ನ ಮೊಬೈಲಿನಲ್ಲಿ ನಾಲ್ಕು ಸಲ ನೋಡಿದಳು. ಕೀಮೋ ನಡೆಯುತ್ತಿದ್ದಾಗಲೇ '45'ರ ಫೈಟ್ ಶೂಟಿಂಗ್ ಮಾಡಿದೆ ಅಂತ ಅವರು ಹೇಳಿದ್ದು ಅಮ್ಮನ ತಲೆಯಲ್ಲಿ ಕೂತುಬಿಟ್ಟಿತು. ಅಮ್ಮನಿಗೆ ಮೊದಲು ಬಂದದ್ದು ಹೆಮ್ಮೆ ಅಲ್ಲ, ಕೋಪ. "ಕೀಮೋ ತಗೊಂಡು ಫೈಟ್ ಮಾಡ್ತಾನಂತೆ! ಮನೇಲಿ ಹೇಳೋರು ಕೇಳೋರು ಯಾರೂ ಇಲ್ವಾ?" ಆಮೇಲೆ ಒಂದು ಗಳಿಗೆ ಬಿಟ್ಟು, "ಆ ಫೈಟ್ ಮಾತ್ರ ಟಾಕೀಸಲ್ಲೇ ನೋಡಬೇಕು ಕಣೋ" ಅಂದಳು.

ಅವತ್ತಿನಿಂದ ನಮ್ಮ ಮನೆಯಲ್ಲಿ '45' ಅಂದರೆ ಒಂದು ಗಡುವು. ಆಗಸ್ಟ್‌ಗೆ ಬರುವುದಿಲ್ಲ ಅಂದಾಗ ನನಗೆ ಬೇಜಾರಾಯಿತು, ಅಮ್ಮನಿಗೆ ಸಮಾಧಾನವೇ ಆಯಿತು. ಆಗ ಇನ್ನೂ ಕೂದಲು ಸರಿಯಾಗಿ ಬಂದಿರಲಿಲ್ಲ. ಈಗ ಬಾಚಣಿಗೆ ನಿಲ್ಲುವಷ್ಟು ಬಂದಿದೆ. ಡಾಕ್ಟರು ಮುಂದಿನ ಚೆಕಪ್ ಫೆಬ್ರವರಿಗೆ ಸಾಕು ಅಂದಿದ್ದಾರೆ.

ಸಿನಿಮಾ ಚೆನ್ನಾಗಿರುತ್ತಾ? ಆ ಪ್ರಶ್ನೆಗೆ ಈಗ ಯಾರು ಏನು ಹೇಳಿದರೂ ಬಾಯಿಗೆ ಬಂದದ್ದೇ. ಈ ಜುಲೈ 25ಕ್ಕೆ 'ಸು ಫ್ರಮ್ ಸೋ' ಬಂದಾಗ ನಮ್ಮೂರಿನಲ್ಲಿ ಅದಕ್ಕೆ ಕಾದು ಕೂತಿದ್ದವರು ಒಬ್ಬರೂ ಇರಲಿಲ್ಲ. ಎರಡನೇ ವಾರಕ್ಕೆ ಟಿಕೆಟ್ ಸಿಗದೆ ನಾನೇ ವಾಪಸ್ ಬಂದೆ. ಕಾಯುವುದಕ್ಕೂ ಸಿನಿಮಾ ಚೆನ್ನಾಗಿರುವುದಕ್ಕೂ ಸಂಬಂಧ ಇಲ್ಲ ಬಿಡಿ.

ಟಿಕೆಟ್ ರೇಟಿನ ಬಗ್ಗೆ ಯಾರಾದರೂ ಕೇಳುತ್ತೀರಿ ಅಂತ ಗೊತ್ತು. ಸರ್ಕಾರ ಸೆಪ್ಟೆಂಬರ್‌ನಲ್ಲಿ ತೆರಿಗೆ ಬಿಟ್ಟು 200 ರೂಪಾಯಿ ಮಿತಿ ಹಾಕಿತ್ತು, ಅದೇ ತಿಂಗಳು ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ನಮ್ಮಂಥ ಊರಿಗೆ ಎರಡೂ ಒಂದೇ. ನಮ್ಮಲ್ಲಿ ಬಾಲ್ಕನಿ 120, ಕೆಳಗೆ 80.

ಈಗ ಉಳಿದಿರುವುದು ಒಂದೇ ಟಾಕೀಸ್. ಒಂದೇ ಪರದೆ, ಒಂದೇ ದಿನ ಎರಡು ಸಿನಿಮಾ. ಎರಡು ಆಟ ಇದಕ್ಕೆ, ಎರಡು ಆಟ ಅದಕ್ಕೆ ಅಂತ ಮ್ಯಾನೇಜರ್ ಹೇಳುತ್ತಿದ್ದಾರೆ, ಫ್ಯಾನ್ಸ್ ಸಂಘದವರು ಎರಡೂ ಕಡೆಯವರು ಬಂದು ಕೂಗಾಡಿ ಹೋದರಂತೆ. ಸಿಂಗಾರದ ಸ್ಟಾರ್ ಕಟ್ಟೋಕೆ ಗೇಟಿನ ಎಡಗಡೆ ಯಾರಿಗೆ, ಬಲಗಡೆ ಯಾರಿಗೆ ಅನ್ನುವುದೂ ಇನ್ನೂ ತೀರ್ಮಾನ ಆಗಿಲ್ಲ. ನನಗೆ ಬೇಕಿರುವುದು ಮ್ಯಾಟ್ನಿ. ಬೆಳಗಿನ ಆಟದಲ್ಲಿ ಪಟಾಕಿ ಹೊಗೆ, ಕಿವಿ ಕಿತ್ತು ಹೋಗುವ ಶಿಳ್ಳೆ, ಅಮ್ಮನಿಗೆ ಆಗುವುದಿಲ್ಲ. ಮ್ಯಾಟ್ನಿಗೆ ಎರಡು ಟಿಕೆಟ್ ಎತ್ತಿಡಿ ಅಂತ ಹೇಳಿ ಬಂದಿದ್ದೇನೆ.

ಕೆಳಗೆ ಬಾಗಿಲ ಪಕ್ಕ ಸೀಟ್ ತೆಗೆದುಕೊಳ್ಳೋಣ, ಬೇಕೆಂದಾಗ ಎದ್ದು ಬರಬಹುದು ಅಂತ ನಾನು ಹೇಳಿದೆ. "ಬಾಗಿಲ ಪಕ್ಕ ನಿಂತು ನೋಡಿದ್ದು ಒಂದು ಸಲ ಸಾಕು" ಅಂದಳು. ಬಾಲ್ಕನಿನೇ ಆಗಬೇಕಂತೆ. ಮೆಟ್ಟಿಲು ಎಷ್ಟಿವೆ ನೋಡಿಕೊಂಡು ಬಾ ಅಂತ ನಿನ್ನೆ ಕಳಿಸಿದಳು. ಹೋಗಿ ಎಣಿಸಿಕೊಂಡು ಬಂದೆ. ಇಪ್ಪತ್ತಾರು. ಹದಿನೆಂಟು ಅಂತ ಹೇಳಿದ್ದೇನೆ.