ಮಳೆಯಲ್ಲಿ ಸ್ಪೋರ್ಟ್ಸ್ ಕಾರು ಯಾಕೆ ಬೇಗ ಜಾರುತ್ತದೆ?

ಕಾಸರಗೋಡಿನ ಜೂನ್ ಮಳೆಯಲ್ಲಿ ಇಂಥ ಕಾರು ಓಡಿಸಬಹುದಾ ಅಂತ ಕೇಳಿದ್ದೀರಿ. ಓಡಿಸಬಹುದು, ಆದರೆ ಟೈರು ನೋಡಿಕೊಳ್ಳಿ. ಸ್ಪೋರ್ಟ್ಸ್ ಕಾರಿನ ಅಗಲ ಟೈರು ಒಣ ರಸ್ತೆಯಲ್ಲಿ ಗಟ್ಟಿಯಾಗಿ ಹಿಡಿಯುತ್ತದೆ, ಅದೇ ನೀರು ನಿಂತ ಕಡೆ ವೇಗ ಜಾಸ್ತಿ ಇದ್ದರೆ ಅಷ್ಟೂ ನೀರನ್ನು ಪಕ್ಕಕ್ಕೆ ತಳ್ಳಲಾಗದೆ ಮೇಲೆ ತೇಲಿಬಿಡುತ್ತದೆ, ಆಗ ಸ್ಟೀರಿಂಗೂ ಕೇಳುವುದಿಲ್ಲ, ಬ್ರೇಕೂ ಕೇಳುವುದಿಲ್ಲ. ಎಂಜಿನ್ನಿನ ಬಲವೆಲ್ಲ ಹಿಂದಿನ ಚಕ್ರಕ್ಕೇ ಹೋಗುವ ಕಾರಾದರೆ ತಿರುವಿನಲ್ಲಿ ಆಕ್ಸಿಲರೇಟರ್ ಸ್ವಲ್ಪ ಜೋರಾಗಿ ಒತ್ತಿದರೂ ಹಿಂಭಾಗ ಹೊರಗೆ ಎಳೆಯುತ್ತದೆ. ಮೊದಲ ಮಳೆಗೆ ರಸ್ತೆ ಮೇಲಿನ ಎಣ್ಣೆ, ಕೆಂಪು ಮಣ್ಣು ಸೇರಿ ಇನ್ನೂ ಅಪಾಯ. ಹಿಂಭಾಗ ಜಾರಿದರೆ ದಿಢೀರ್ ಬ್ರೇಕ್ ಬೇಡ. ಆಕ್ಸಿಲರೇಟರ್ ಮೆಲ್ಲ ಬಿಡಿ, ಅದು ಜಾರಿದ ಕಡೆಗೇ ಸ್ಟೀರಿಂಗ್ ತಿರುಗಿಸಿ. ಟೈರಿನ ಗೆರೆಗಳ ಆಳ ಕಾನೂನಿಗೆ 1.6 ಮಿ.ಮೀ. ಸಾಕು, ನಮ್ಮ ಮಳೆಗೆ 3 ಆದರೂ ಇರಲಿ. ಚಕ್ರ ಹಿಡಿತ ತಪ್ಪಿ ಸುಮ್ಮನೆ ತಿರುಗದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಮಾತ್ರ ದಯವಿಟ್ಟು ಆಫ್ ಮಾಡಬೇಡಿ.