ಕ್ಯಾನ್ಸರ್‌ಗೆ ಮೂಗು ತೆಗೆದ ಮೇಲೆ ಹಾಕುವ ಸಿಲಿಕೋನ್ ಮೂಗು ನಮ್ಮ ಕಡೆ ಬಿಸಿಲಿಗೆ ನಿಲ್ಲುತ್ತದೆಯೇ?

ಗಂಗಾವತಿಯಿಂದ ಕೇಳಿದ್ದೀರಿ. ತಂದೆಯವರ ಮೂಗು ಪೂರ್ತಿ ತೆಗೆದಿದ್ದಾರೆ, ರೇಡಿಯೇಷನ್ ಇನ್ನೂ ಶುರುವಾಗಿಲ್ಲ, ದಿನಾ ಗದ್ದೆಗೆ ಹೋಗುವ ಮನುಷ್ಯ. ನಿಲ್ಲುತ್ತದೆ. ನನ್ನದೂ ಅದೇ ಆಪರೇಷನ್. ಸಂಡೂರಿನಲ್ಲಿ ಕಿರಾಣಿ ಅಂಗಡಿ, ಸಿಲಿಕೋನ್ ಮೂಗು ಹಾಕಿಕೊಂಡೇ ಗಲ್ಲಾದ ಮೇಲೆ ಕೂಡುವುದು.

ಎಲ್ಲರೂ ಮೊದಲು ಕೇಳುವುದು ನಿಜವಾದದ್ದರ ಹಾಗೆ ಕಾಣುತ್ತದಾ ಅಂತ. ಮಾರು ದೂರದವರಿಗೆ ಗೊತ್ತಾಗುವುದಿಲ್ಲ, ಹತ್ತಿರ ಬಂದವರಿಗೆ ಗೊತ್ತಾಗುತ್ತದೆ, ಅಷ್ಟೇ. ನೀವು ಕೇಳಬೇಕಾದದ್ದು ಅದು ಯಾವುದರ ಆಸರೆಯಿಂದ ನಿಲ್ಲುತ್ತದೆ ಅಂತ. ಬರೀ ಅಂಟಿನ ಮೇಲಾದರೆ ಮೇ ತಿಂಗಳ ಬೆವರಿಗೆ ಮಧ್ಯಾಹ್ನದೊಳಗೆ ಅಂಚು ಬಿಡುತ್ತದೆ, ನಮ್ಮ ಕೆಂಪು ಧೂಳು ಅಲ್ಲೇ ಕೂಡುತ್ತದೆ. ನನ್ನದಕ್ಕೆ ಅಂಟಿನ ಜೊತೆ ದಪ್ಪ ಫ್ರೇಮಿನ ಚಷ್ಮಾ ಆಧಾರ. ಮೇಲಿನ ಅಂಚನ್ನೂ ಅದು ಮುಚ್ಚುತ್ತದೆ. ಮೂರನೆಯ ದಾರಿ ಮೂಗಿನ ತಳದ ಎಲುಬಿಗೆ ಟೈಟೇನಿಯಂ ಇಂಪ್ಲಾಂಟ್, ಅಂದರೆ ಲೋಹದ ಸ್ಕ್ರೂ, ಕೂಡಿಸಿ ಆಯಸ್ಕಾಂತದಿಂದ ಹಿಡಿಸುವುದು. ಬೆವರಿಗೆ ಅದು ಜಗ್ಗುವುದಿಲ್ಲ. ಆದರೆ ರೇಡಿಯೇಷನ್ ತಗುಲಿದ ಎಲುಬಿನಲ್ಲಿ ಇಂಪ್ಲಾಂಟ್ ಸಡಿಲಾಗುವ ಸಂಭವ ಹೆಚ್ಚು. ಹಾಗಾಗಿ ಈ ಮಾತನ್ನು ಈಗಲೇ, ರೇಡಿಯೇಷನ್ನಿಗೆ ಮೊದಲೇ, ಸರ್ಜನ್ನರ ಹತ್ತಿರ ಎತ್ತಿ.

ಮೂಗು ಮಾಡುವವರು ಹಲ್ಲಿನ ಡಾಕ್ಟರು, ಹಲ್ಲುಸೆಟ್ಟು ಕಟ್ಟುವ ಪ್ರಾಸ್ಥೊಡಾಂಟಿಕ್ಸ್ ವಿಭಾಗದವರು. ಬಳ್ಳಾರಿಯಲ್ಲಿ ಸರ್ಕಾರಿ ಡೆಂಟಲ್ ಕಾಲೇಜಿದೆ, ರಾಯಚೂರಿನಲ್ಲಿ ನವೋದಯ, ಎ.ಎಂ.ಇ. ಎರಡಿವೆ. ಮುಖದ ಭಾಗ ಮಾಡಿಕೊಡುತ್ತೀರಾ ಎಂದು ಮೊದಲು ವಿಚಾರಿಸಿ. ಮೂಗು ತೆಗೆದ ಕುಳಿಯೊಳಗೆ ಗಾಜ್ ಬಟ್ಟೆ (ಗಾಯಕ್ಕೆ ಕಟ್ಟುವ ತೆಳು ಅರಿವೆ) ತುಂಬಿ, ಮುಖದ ಮೇಲೆ ಆಲ್ಜಿನೇಟ್ ಎಂಬ ಅಚ್ಚಿನ ಹಿಟ್ಟು ಕಲಸಿ ಸುರಿದು ಅಚ್ಚು ತೆಗೆಯುತ್ತಾರೆ. ಅಷ್ಟು ಹೊತ್ತು ಬಾಯಿಂದಲೇ ಉಸಿರು. ಆಮೇಲೆ ಮೇಣದ ಮೂಗು ಇಟ್ಟು ನೋಡುತ್ತಾರೆ. ಹಳೇ ಫೋಟೋ ಒಯ್ಯಿರಿ. ನನಗೆ ನೆಟ್ಟಗಿನ ಚೆಂದದ ಮೂಗು ಕೆತ್ತಿದ್ದರು. ಮೊದಲಿದ್ದದ್ದು ಎಡಕ್ಕೆ ಸೊಟ್ಟ, ಹಾಗೇ ಮಾಡಿ ಅಂದೆ. ಅವರು ನಕ್ಕು ಒಂದು ಮಗ್ಗುಲು ಕೆರೆದರು. ಬಣ್ಣ ಹೊಂದಿಸುವಾಗ ತಂದೆಯವರನ್ನು ಟ್ಯೂಬ್‌ಲೈಟ್ ಕೆಳಗಿಂದ ಎಬ್ಬಿಸಿ ಹೊರಗೆ ಬೆಳಕಿಗೆ ಕರೆತನ್ನಿ. ಗದ್ದೆಯವರ ಮುಖದ ಬಣ್ಣ ಒಳಗೆ ಒಂದು, ಹೊರಗೆ ಒಂದು. ಕೆಂಪು, ಹಳದಿ, ಕಂದು ಬಣ್ಣದ ಪುಡಿಯನ್ನು ಸಿಲಿಕೋನಿಗೇ ಕಲಸುತ್ತಾರೆ, ರಕ್ತನಾಳದ ಹಾಗೆ ಕಾಣಲೆಂದು ಸಣ್ಣ ಕೆಂಪು ಎಳೆಗಳನ್ನೂ ಹಾಕುವುದುಂಟು.

ಹಣೆಯ ಚರ್ಮ ಇಳಿಸಿ ಮೂಗು ಕಟ್ಟುವ ಆಪರೇಷನ್ ಕೂಡ ಇದೆ. ಹಳೇ ವಿದ್ಯೆ: ಟಿಪ್ಪುವಿನ ಯುದ್ಧದಲ್ಲಿ ಸೆರೆಸಿಕ್ಕು ಮೂಗು ಕಳೆದುಕೊಂಡ ಕವಾಸ್ಜೀ ಎಂಬ ಎತ್ತಿನ ಬಂಡಿಯವನಿಗೆ ಪುಣೆ ಕಡೆಯವನೊಬ್ಬ ಹೀಗೆ ಮೂಗು ಕಟ್ಟಿದ್ದು 1794ರಲ್ಲಿ ಲಂಡನ್ ಪತ್ರಿಕೆಯೊಂದರಲ್ಲಿ ಬಂದಿತ್ತು. ಆದರೆ ಪೂರ್ತಿ ಮೂಗಿಗೆ ಒಂದೇ ಆಪರೇಷನ್ನಿನಲ್ಲಿ ಮುಗಿಯುವುದಿಲ್ಲ. ಕ್ಯಾನ್ಸರ್ ಮತ್ತೆ ಬಂದಿದೆಯೇ ಎಂದು ಒಳಗೆ ಇಣುಕಿ ನೋಡಲು ತೆಗೆದಿಡುವ ಮೂಗೇ ಸಲೀಸು. ವಯಸ್ಸಾದವರಿಗೆ ನನ್ನ ಮತ ಸಿಲಿಕೋನಿಗೇ.

ರಾತ್ರಿ ಬಿಚ್ಚಿ, ಮೆತ್ತನೆ ಸೋಪಿನಲ್ಲಿ ತೊಳೆದಿಡಬೇಕು. ಅಂಟು ಬಿಡಿಸಲು ಪೆಟ್ರೋಲು, ಥಿನ್ನರು ಬೇಡ. ಒಳಗೆ ಹಕ್ಕಳೆ ಕಟ್ಟುತ್ತದೆ, ಸಲೈನ್ ಹಾಕಿ ನೆನೆಸಿ ತೆಗೆಯಿರಿ. ಸೀನು ಬಂದರೆ ಕೈ ಅಡ್ಡ ಹಿಡಿಯಲು ಹೇಳಿ, ನನ್ನದು ಒಮ್ಮೆ ಅಕ್ಕಿ ಚೀಲಕ್ಕೆ ಹೋಗಿ ಬಿದ್ದಿತ್ತು. ಬಿಸಿಲಿಗೆ ಬಣ್ಣ ಮಾಸುವುದರಿಂದ ಒಂದೆರಡು ವರ್ಷಕ್ಕೆ ಹೊಸದು ಬೇಕಾಗುತ್ತದೆ. ಅಚ್ಚನ್ನು ಎತ್ತಿಡಲು ಮೊದಲೇ ಹೇಳಿದರೆ ಆಗ ಕೆಲಸ ಹಗುರ.